ಒಂದನೇ ಹಂತದ ಮಾತು

“ಇದು ನನ್ನ ಪಾಳಿ ಐತ್ರಿ.”

ವಿಜಯಲಕ್ಷ್ಮಿಯ ದನಿ ನಡುಗುತ್ತಿತ್ತು. ಸಿಟ್ಟಿಗಲ್ಲ... ಚಿಕಿತ್ಸೆಯ ಮೊದಲ ದಿನದ ಹೆದರಿಕೆಗೆ. ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದವನು ಅವಳ ಮುಖ ನೋಡಿ ಪಕ್ಕಕ್ಕೆ ಸರಿದ.

ಅವನು ಮುದ್ದೇಬಿಹಾಳದ ಗಣಿತ ಮಾಸ್ತರ ಸಂಜೀವಕುಮಾರ. ಕೈಮೇಲಿನ ತೊನ್ನಿಗೆ ಬೆಳಕಿನ ಚಿಕಿತ್ಸೆ ತಗೊಳ್ಳಲು ವಾರಕ್ಕೆರಡು ಸಲ ವಿಜಯಪುರದ ಈ ಆಸ್ಪತ್ರೆಗೆ ಬರುತ್ತಿದ್ದ. ಅವಳು ಸಿಂದಗಿಯ ಅಂಚೆ ಕಚೇರಿಯವಳು. ಮೂರು ವರ್ಷ ಗಜಕರ್ಣವೆಂದು ಮುಲಾಮು ಹಚ್ಚಿದ ಸೊಂಟದ ಮಚ್ಚೆಗಳಿಗೆ, ಚರ್ಮದ ತುಣುಕು ತೆಗೆದು ನೋಡಿದ ಮೇಲೆ ಬೇರೆಯೇ ಹೆಸರು ಸಿಕ್ಕಿತ್ತು. ಚರ್ಮದ ಲಿಂಫೋಮಾ. ಅವಳಿಗೂ ಅದೇ ಬೆಳಕಿನ ಚಿಕಿತ್ಸೆ.

ನಾಲ್ಕು ತಿಂಗಳು ಒಂದೇ ಬೆಂಚಿನಲ್ಲಿ ಕೂತು ಮಾತು ಬೆಳೆಯಿತು. ಒಂದು ದಿನ ಅವನು, ಹೆಣ್ಣು ಕೇಳಲು ಅವ್ವನನ್ನು ನಿಮ್ಮ ಮನೆಗೆ ಕಳಿಸಲೇ ಎಂದು ಕೇಳಿದ.

ಮುಚ್ಚಿಡಬಾರದು... ಎನಿಸಿತು ಅವಳಿಗೆ.

“ನಂದು ಬರೇ ಮಚ್ಚಿ ಅಲ್ರಿ. ಒಂಥರಾ ಕ್ಯಾನ್ಸರ್.”

ಅವನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ. ಎರಡು ವಾರ ಬರಲೇ ಇಲ್ಲ.

ಹೆದರಿ ಓಡಿದ. ಅವನ ತಪ್ಪೇನು? ಹಾಗೆಂದುಕೊಂಡರೂ ಬೆಂಚಿನ ಆ ಕಡೆ ಚೀಲವಿಟ್ಟು ಅವನಿಗೆ ಜಾಗ ಹಿಡಿದಿಡುತ್ತಿದ್ದಳು.

ಮೂರನೇ ಸೋಮವಾರ ಅವನು ಡಾಕ್ಟರ ಕೋಣೆಯಿಂದ ಹೊರಬಂದ. ಜೊತೆಗೆ ತಾಯಿ ಇಂದುಬಾಯಿ. ಅವನ ತಂದೆ ಗಂಟಲು ಕ್ಯಾನ್ಸರಿನಿಂದ ತೀರಿಕೊಂಡಿದ್ದರಂತೆ. ಆ ಶಬ್ದ ಕೇಳಿದ್ದೇ ತಾಯಿ ಈ ಸಂಬಂಧ ಬೇಡವೆಂದಿದ್ದಳು. ಡಾಕ್ಟರ ಬಾಯಿಂದಲೇ ಕೇಳು ಬಾ ಎಂದು ಒಪ್ಪಿಸಲು ಅವನಿಗೆ ಇಷ್ಟು ದಿನ ಹಿಡಿದಿತ್ತು.

ಮಚ್ಚೆಯಾಗಿ ಬರುವ ಕ್ಯಾನ್ಸರಿನ ಬಗ್ಗೆ, ಯಾರಿಗೆಂದು ಹೇಳದೆಯೇ ತಾಯಿ-ಮಗ ಕೇಳಿದ್ದರು. ಡಾಕ್ಟರು ಬಿಡಿಸಿ ಹೇಳಿದ್ದರು. ಒಂದನೇ ಹಂತದಲ್ಲಿ ಚರ್ಮದ ಮೇಲೆ ಮಚ್ಚೆ ಮಾತ್ರ. ಎರಡರಲ್ಲಿ ಗಂಟು, ಇಲ್ಲವೇ ಕಂಕುಳು-ತೊಡೆಸಂದಿಯ ಗ್ರಂಥಿಗಳ ಬಾವು. ಮೂರರಲ್ಲಿ ಮೈಯೆಲ್ಲ ಕೆಂಪು. ನಾಲ್ಕರಲ್ಲಿ ರಕ್ತಕ್ಕೆ, ಒಳಗಿನ ಅಂಗಗಳಿಗೆ. ಒಂದನೇ ಹಂತದಲ್ಲೇ ವರ್ಷಗಟ್ಟಲೆ ಉಳಿದು ಎಲ್ಲರಂತೆ ಬಾಳುವವರೇ ಹೆಚ್ಚು, ತಪಾಸಣೆ ಮಾತ್ರ ತಪ್ಪಿಸಬಾರದು.

ಇಂದುಬಾಯಿ ಅವಳ ಪಕ್ಕದಲ್ಲಿ ಕೂತಳು.

“ನಿಂದು ಯಾವ ಹಂತವ್ವಾ?”

“ಒಂದನೇದ್ರಿ.”

ಮುದುಕಿ ಅವಳ ಬೆನ್ನ ಮೇಲೆ ಕೈಯಾಡಿಸಿ, ಚಹಾ ಕುಡಿದು ಬರ್ತೇನಿ ಎಂದು ಎದ್ದು ಹೋದಳು.

ಅವರಿಬ್ಬರೇ ಉಳಿದರು.

“ನಾಳಿ ಅದು ಎರಡಕ್ಕ ಹೋದ್ರ?” ಅವಳು ಕೇಳಿದಳು.

“ಹೋದ್ರ ನೋಡೂಣು. ಒಬ್ಬಾಕಿನ ಬರೂದು ಮಾತ್ರ ಇನ್ನ ಬ್ಯಾಡ.”

ಅವಳ ಕಣ್ಣು ತುಂಬಿದವು, ತುಟಿ ಮಾತ್ರ ನಗುತ್ತಿತ್ತು.

“ಹಂಗಾರ ಅವ್ವನ್ನ ಯಾವಾಗ ಕಳಸ್ತೀರಿ?”

“ಈ ಐತವಾರ. ನಾನೂ ಬರ್ತೇನಿ.”