ಕಪ್ಪು ತ್ಸುಬಾ ಕೆಂಪಾದ ಪ್ರಕರಣ

2025ರ ನವೆಂಬರ್ 3, ಸೋಮವಾರ, ಬೆಳಿಗ್ಗೆ 9.10. ಸ್ಟಾಕ್‌ಹೋಮಿನ ಮಗ್ಗುಲ ಸುಂಡ್‌ಬೀಬರ್ಯ್‌ನ ಪೊಲೀಸ್ ಠಾಣೆಗೆ ಬಂದ ರಾಮದಾಸ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಶುರು ಮಾಡಿದ.

"ಮೇಡಂ, ನನ್ನ ತ್ಸುಬಾ ಕಳುವಾಗಿದೆ. ಎಫ್‌ಐಆರ್ ಹಾಕಿ."

ಇನ್‌ಸ್ಪೆಕ್ಟರ್ ಚಾರ್ವಿ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಕನ್ನಡ ಕಲಿತದ್ದು ಅಮ್ಮನ ಅಡುಗೆಮನೆಯಲ್ಲಿ. ಸ್ವೀಡನ್ನಿನಲ್ಲಿ ಎಫ್‌ಐಆರ್ ಎನ್ನುವುದಿಲ್ಲ. ಆದರೆ ಕಾಗದದ ಹೆಸರು ಏನಾದರೇನು, ಬರೆಯುವುದು ಅದೇ ರಾಮಾಯಣವನ್ನೇ. ಅವನ ಪೆರ್ಸೂನ್‌ನುಮ್ಮರ್, ಅಂದರೆ ಅಲ್ಲಿನ ಆಧಾರ್ ಸಂಖ್ಯೆ, ಬರೆದುಕೊಂಡು ಕೇಳಿದಳು.

"ತ್ಸುಬಾ ಅಂದ್ರೆ?"

"ಜಪಾನೀ ಕತ್ತಿ ಇರತ್ತಲ್ಲ, ಅದರ ಅಲಗಿಗೂ ಹಿಡಿಗೂ ಮಧ್ಯ ಒಂದು ಬಿಲ್ಲೆ ಹಾಕಿರ್ತಾರೆ. ಕೈಗೆ ಏಟು ಬೀಳದ ಹಾಗೆ. ನಂದು ಚಿನ್ನ ಬೆರೆತ ತಾಮ್ರದ್ದು, ಕಾಡಿಗೆ ಥರ ಕಪ್ಪು. ಮೇಲೆ ಹಾರ್ತಿರೋ ಚಿನ್ನದ ಬಾತುಗಳು. ಇನ್ನೂರು ವರ್ಷ ಹಳೇದು."

"ಕತ್ತಿ?"

"ಕತ್ತಿ ಇಲ್ಲ, ಬರೀ ಬಿಲ್ಲೆ."

ಸಹಾಯಕ ಪೇದೆ ಎರಿಕ್‌ಗೆ ಚಾರ್ವಿ ಇದನ್ನು ಸ್ವೀಡಿಷ್‌ನಲ್ಲಿ ಹೇಳಿದಾಗ ಅವನು ಟೈಪ್ ಮಾಡುವುದನ್ನು ನಿಲ್ಲಿಸಿ ತಲೆ ಕೆರೆದುಕೊಂಡ.

ಶನಿವಾರ ರಾಜ್ಯೋತ್ಸವದ ಊಟಕ್ಕೆ ರಾಮದಾಸನ ಮನೆಗೆ ಹನ್ನೊಂದು ಮಂದಿ ಬಂದಿದ್ದರು. ಎಲ್ಲರಿಗೂ ಬಿಲ್ಲೆ ತೋರಿಸಿ, ಪೆಟ್ಟಿಗೆಯಲ್ಲಿಟ್ಟು, ಬಿಸಿಬೇಳೆಬಾತಿಗೆ ಎದ್ದಿದ್ದ. ಭಾನುವಾರ ಸಂಜೆ ಆರಕ್ಕೆ ನೋಡಿದರೆ ಪೆಟ್ಟಿಗೆ ಖಾಲಿ. ಬಾಗಿಲು, ಬೀಗ ಎಲ್ಲ ನೆಟ್ಟಗಿವೆ.

"ನೀವು ಮುಟ್ಟಿದ್ರಾ?" ಪಕ್ಕದಲ್ಲಿದ್ದ ಅವನ ಹೆಂಡತಿ ನಳಿನಿಯನ್ನು ಚಾರ್ವಿ ಕೇಳಿದಳು.

"ಅಯ್ಯೋ, ನಾನು ಮುಟ್ಟೋ ಹಾಗಿದ್ಯಾ? ಕೈ ಬೆವರು ತಾಗಿದ್ರೆ ಹಾಳಾಗತ್ತಂತೆ. ದಿನಾ ಸಂಜೆ ಮೆತ್ತನೆ ಬಟ್ಟೇಲಿ ಅದನ್ನ ಒರೆಸ್ತಾ ಕೂರ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮುಖಾನ ಇಷ್ಟು ಹೊತ್ತು ನೋಡಿಲ್ಲ ಇವ್ರು."

ರಾಮದಾಸ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ.

11.30ಕ್ಕೆ ಸ್ಥಳ ಪರಿಶೀಲನೆ. ಪಂಚರು ಸಿಗದ ದೇಶ, ಆದ್ದರಿಂದ ಪಂಚನಾಮೆಯ ಬದಲು ಎರಿಕ್‌ನ ಕ್ಯಾಮೆರಾ. ಬೀರುವಿನಲ್ಲಿ ಒಂಬತ್ತು ಮರದ ಪೆಟ್ಟಿಗೆಗಳು, ಒಂದು ಖಾಲಿ. ಇಡೀ ಕಟ್ಟಡಕ್ಕೆ ಬಟ್ಟೆ ಒಗೆಯಲು ಕೆಳಗೆ ಒಂದೇ ಕೋಣೆ, ಬಾಡಿಗೆದಾರರು ಸರದಿ ಹಿಡಿದು ಬಳಸಬೇಕು. ಭಾನುವಾರ ಒಂದರಿಂದ ಮೂರರ ಸರದಿಯಲ್ಲಿ ನಳಿನಿ ಅಲ್ಲೇ ಬುಟ್ಟಿ ಮರೆತು ಬಂದಿದ್ದಳು. 12.20ಕ್ಕೆ ಆ ಬುಟ್ಟಿಯ ತಳದಲ್ಲಿ ಎರಿಕ್‌ಗೆ ಒಂದು ಬಿಳಿ ಬಟ್ಟೆಯ ಗಂಟು ಸಿಕ್ಕಿತು.

ಬಿಚ್ಚಿದರೆ ತ್ಸುಬಾ. ಕಪ್ಪೆಲ್ಲ ಹೋಗಿ, ಹಬ್ಬಕ್ಕೆ ಬೆಳಗಿದ ಹಂಡೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಕೋಣೆಯ ಸಿಂಕಿನ ಜಾಲರಿಯಲ್ಲಿ ಕಂದು ಬಣ್ಣದ ನಾರು. ಎರಿಕ್ ಅದನ್ನು ಯಾವುದೋ ರಾಸಾಯನಿಕ ಎಂದುಕೊಂಡು ಕೈಗವಸು ಹಾಕಿಕೊಂಡ. ಚಾರ್ವಿಗೆ ಮೂಸಿದ ಕೂಡಲೇ ಗೊತ್ತಾಯಿತು. ಹುಣಸೆಹಣ್ಣು!

ರಾಮದಾಸನ ಮುಖ ಬಿಳಚಿಕೊಂಡಿತು. "ಇನ್ನೂರು ವರ್ಷದ ಬಣ್ಣ... ನಳಿನಿ, ಇದು ನಿನ್ನದೇ ಕೆಲಸ! ಒಂದು ಬಿಲ್ಲೆ ಮೇಲೆ ಹೊಟ್ಟೆಕಿಚ್ಚು ಪಟ್ಯಲ್ಲೇ! ನಾನಿನ್ನು ನಿನ್ನ ಜೊತೆ ಒಂದೇ ಸೂರಿನ ಕೆಳಗೆ ಇರಲ್ಲ."

ಬಾಯಿಮಾತಿಗೆ ಹೇಳಿದ್ದಲ್ಲ. ಮೇಲೆ ಹೋಗಿ ಸೂಟ್‌ಕೇಸಿಗೆ ಅಂಗಿ ತುಂಬತೊಡಗಿದ. ನಳಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. "ನಾನಲ್ಲ ರೀ" ಎಂದು ಎರಡು ಸಲ ಹೇಳಿದಳು.

"ಇವರನ್ನು ಠಾಣೆಗೆ ಕರೆದುಕೊಂಡು ಹೋಗೋಣವೆ?" ಎಂದ ಎರಿಕ್.

"ತಾಳು." ಚಾರ್ವಿ ದೇವರ ಗೂಡಿನಿಂದ ತಾಮ್ರದ ಚೊಂಬು ತಂದಳು. "ನಳಿನಿ ಅವ್ರೇ, ಇದನ್ನ ದಿನಾ ಹೇಗೆ ತೊಳೀತೀರೋ ಹಾಗೆ ತೊಳೆದು ತೋರಿಸಿ."

ಇನ್‌ಸ್ಪೆಕ್ಟರಿಗೆ ತಲೆ ಕೆಟ್ಟಿತೇ ಎಂಬಂತೆ ಎರಿಕ್ ನೋಡಿದ. ನಳಿನಿ ಹುಣಸೆಹಣ್ಣು, ಉಪ್ಪು ಬಳಿದು, ಸ್ಟೀಲ್ ನಾರಿನಿಂದ ಗಸಗಸ ಉಜ್ಜಿ, ನೀರು ಸುರಿದು ಬೋರಲು ಹಾಕಿದಳು. ಎರಡೇ ನಿಮಿಷ. ಚೊಂಬಿನ ಮೈಮೇಲೆಲ್ಲ ಗೀರು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಚಾರ್ವಿ ತ್ಸುಬಾವನ್ನು ಬೆಳಕಿಗೆ ಹಿಡಿದಳು. ಒಂದು ಗೀರಿಲ್ಲ. ಬಾತುಗಳ ರೆಕ್ಕೆಯ ಸಂದಿಯಲ್ಲೂ ನೀರಿನ ಕಲೆಯಿಲ್ಲ. ಮೇಲೆ ತೆಳ್ಳಗೆ ಎಣ್ಣೆ ಬೇರೆ ಸವರಿದೆ.

"ಹಾಳು ಮಾಡಿದವರೇ ಕೂತ್ಕೊಂಡು ಒರೆಸಿ, ಕಿಲುಬು ಹಿಡೀದ ಹಾಗೆ ಎಣ್ಣೆ ಹಚ್ಚಿದ್ದಾರೆ," ಎಂದಳು ರಾಮದಾಸನಿಗೆ. "ಶನಿವಾರ ಬಂದೋರಲ್ಲಿ ಈ ಉಪಚಾರ ಯಾರಿಗೆ ಗೊತ್ತು?"

ರಾಮದಾಸನ ಕೈಯಲ್ಲಿದ್ದ ಅಂಗಿ ಹಾಗೇ ನಿಂತಿತು. "ಕೆಳಗಿನ ಮನೆ ಶೇಷಾದ್ರಿ ಒಬ್ರಿಗೇ. ತ್ಸುಬಾ ಅಂದ್ರೇನು ಅಂತ ನಂಗೆ ಹೇಳಿಕೊಟ್ಟಿದ್ದೇ ಅವ್ರು. ಛೇ ಛೇ, ಅವ್ರಲ್ಲ ಬಿಡಿ."

ಒಗೆಯುವ ಕೋಣೆಯ ಬಾಗಿಲು ತೆರೆಯಲು ಪ್ರತಿ ಮನೆಗೂ ಒಂದು ಎಲೆಕ್ಟ್ರಾನಿಕ್ ಕೀಲಿ ಇರುತ್ತದೆ. ಅದರ ದಾಖಲೆಯನ್ನು ಮನೆ ಮಾಲೀಕರ ಕಚೇರಿ ಮಂಗಳವಾರ 10.45ಕ್ಕೆ ಕಳಿಸಿತು. ಭಾನುವಾರ ನಳಿನಿಯ ಸರದಿ ಮುಗಿದ ಮೇಲೆ, 3.05ಕ್ಕೆ, ಬಾಗಿಲು ತೆರೆದದ್ದು ಶೇಷಾದ್ರಿಯ ಕೀಲಿ. ಆ ಹೊತ್ತಿಗೆ ಅವರ ಹೆಸರಿನಲ್ಲಿ ಸರದಿಯೇ ಇರಲಿಲ್ಲ.

ಮಧ್ಯಾಹ್ನ 1.30ಕ್ಕೆ ಅವರ ಮನೆ.

"ಭಾನುವಾರ ಮೂರು ಗಂಟೆಗೆ ಕೆಳಗಡೆ ಏನ್ ಮಾಡ್ತಿದ್ರಿ ಸರ್?"

"ಬಟ್ಟೆ ಒಗೀತಿದ್ದೆ."

"ನೀವಾ?" ಕಾಫಿ ತರುತ್ತಿದ್ದ ಅವರ ಹೆಂಡತಿ ಶಾರದಾ ನಿಂತಲ್ಲೇ ನಿಂತಳು. "ಒಂದು ಕರವಸ್ತ್ರ ಒಗೆದಿದ್ದು ನಾನು ಕಾಣೆ! ಅದಕ್ಕೇ ಏನ್ರೀ, ಡಬ್ಬದ ಹುಣಸೆಹಣ್ಣು ಅರ್ಧ ಖಾಲಿಯಾಗಿದ್ದು?"

ಶೇಷಾದ್ರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಐವತ್ತೆಂಟರ ಮನುಷ್ಯ, ಚಾರ್ವಿಯ ಕಣ್ಣೆದುರೇ ಮುದುಕನಾದ ಹಾಗಿತ್ತು.

"ಚಿನ್ನಕ್ಕೇನೂ ಆಗಿಲ್ಲ ಅಲ್ವಾಮ್ಮ?" ಎಂದರು.

ಪ್ರಾಸಿಕ್ಯೂಟರ್ ಫೋನಿನಲ್ಲಿ ಒಪ್ಪಿಗೆ ಕೊಟ್ಟರು. 3.40ಕ್ಕೆ ಬಂಧನ. ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಶೇಷಾದ್ರಿ ಏನನ್ನೂ ಮುಚ್ಚಿಡಲಿಲ್ಲ.

"ಹನ್ನೆರಡು ವರ್ಷ ಅಂಥದ್ದೊಂದನ್ನ ಹುಡುಕಿದ್ದು ನಾನು. ಸಿಕ್ಕಿದ್ದು ಅವನಿಗೆ. ಫೋಟೋ ಕಳಿಸಿ ‘ಚೆನ್ನಾಗಿದ್ಯಾ ಸರ್’ ಅಂದ. ಹೊಟ್ಟೇಲಿ ಬೆಂಕಿ ಬಿತ್ತು, ಆದ್ರೂ ಚೆನ್ನಾಗಿದೆ ಅಂತ ನಿಜಾನೇ ಹೇಳ್ದೆ. ಅದನ್ನೂ ನುಂಗ್ಕೊಂಡೆ. ಶನಿವಾರ ಎಲ್ಲರ ಮುಂದೆ, ‘ಶೇಷಾದ್ರಿ ಸರ್, ಅಂಚಲ್ಲಿ ಹಿಡ್ಕೊಳ್ಳಿ, ಮುಖ ಮುಟ್ಬೇಡಿ’ ಅಂದ. ನಂಗೆ! ಹಿಡಿಯೋದು ಹೇಗೆ ಅಂತ ಅವನಿಗೆ ತೋರಿಸಿದ್ದೇ ನಾನು. ಎಲ್ಲರೂ ಊಟಕ್ಕೆ ಎದ್ದಾಗ ಅದನ್ನ ಜೇಬಿಗೆ ಹಾಕ್ಕೊಂಡೆ."

"ಕದ್ದ ಮೇಲೆ ಇಟ್ಕೋಬಹುದಿತ್ತಲ್ಲ?"

"ಇಟ್ಕೊಂಡು ಯಾರಿಗಮ್ಮ ತೋರಿಸ್ಲಿ?"

"ಮತ್ತೆ ನಳಿನಿ ಅವ್ರ ಬುಟ್ಟೀಲಿ ಯಾಕಿಟ್ರಿ?"

"ತೊಳೆದಾದ ಮೇಲೆ ಮಾಡಿದ್ದೇನು ಅಂತ ಗೊತ್ತಾಯ್ತು. ವಾಪಸ್ ಕೊಡ್ಬೇಕು ಅನ್ನಿಸ್ತು, ಬಾಗಿಲು ತಟ್ಟೋ ಧೈರ್ಯ ಬರಲಿಲ್ಲ. ಅಲ್ಲೇ ಅವ್ರ ಬುಟ್ಟಿ ಕಂಡಿತು, ಒಳಗಿಟ್ಟೆ. ಆ ತಾಯಿ ತಲೆಗೆ ಬರತ್ತೆ ಅಂತ ಖಂಡಿತ ಯೋಚಿಸಿರಲಿಲ್ಲ."

ಬುಧವಾರ ಬೆಳಿಗ್ಗೆ ರಾಮದಾಸ ರಸೀದಿಗೆ ಸಹಿ ಹಾಕಿ ತ್ಸುಬಾ ಪಡೆದುಕೊಂಡ. ಸೂಟ್‌ಕೇಸ್ ಖಾಲಿ ಮಾಡಿದೆನೆಂದು, ತಪ್ಪಾಯಿತೆಂದು, ಹೆಂಡತಿಗೆ ಹೇಳಬೇಕಾದದ್ದನ್ನೆಲ್ಲ ಚಾರ್ವಿಗೆ ಹೇಳಿ ಮೊಗಸಾಲೆಗೆ ಹೋದ. ಜೊತೆಗೆ ಬಂದಿದ್ದ ನಳಿನಿ ಕುರ್ಚಿಯಿಂದ ಏಳಲಿಲ್ಲ.

"ನಂದೂ ಒಂದು ಹೇಳಿಕೆ ಬರ್ಕೊಳ್ಳಿ."

"ನಿಮ್ಮದೇನೂ ತಪ್ಪಿಲ್ಲ ಅಂತ ಬರೆದಾಗಿದೆಯಲ್ಲ."

"ಆ ಗಂಟು ಬಿಚ್ಚಿದ್ರಲ್ಲ, ಕೆಂಪಗೆ ಕಂಡಿತಲ್ಲ... ಆಗ ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ? ಇವ್ರು ಅಷ್ಟು ಸಂಕಟ ಪಡ್ತಿದ್ರೆ ನಾನು ಒಳಗೊಳಗೇ, ಪೀಡೆ ತೊಲಗಿತು ಅಂದ್ಕೊಂಡೆ. ಶೇಷಾದ್ರಿಯವ್ರು ಮಾಡದೇ ಇದ್ದಿದ್ರೆ ಒಂದಿನ ನಾನೇ ಮಾಡ್ತಿದ್ದೆ. ಇವ್ರು ನನ್ನ ಮೇಲೆ ಹೇಳಿದ್ದು ಪೂರ್ತಿ ಸುಳ್ಳಲ್ಲ."

ಚಾರ್ವಿ ಪೆನ್ನು ಕೆಳಗಿಟ್ಟಳು. ಗಾಜಿನಾಚೆ ರಾಮದಾಸ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಾದರೂ ಒಂದಿಷ್ಟು ಕಪ್ಪು ಉಳಿದಿದೆಯೇ ಎಂದು ಹುಡುಕುತ್ತಿದ್ದ. ನಳಿನಿ ಅವನ ಪಕ್ಕದಲ್ಲೇ ಹಾದು, ಬಾಗಿಲು ತಳ್ಳಿಕೊಂಡು ಹೊರಗೆ ಹೋದಳು. ಅದು ಅವನ ಗಮನಕ್ಕೆ ಬರಲಿಲ್ಲ.