ಕ್ವಾರಿಯ ಮೇಲೆ ಹಾದ ಗೆರೆ

ನಾಲ್ಕು ಜನರೆದುರು ಮಾತಾಡಬೇಕಾದಾಗ ನನ್ನ ನಾಲಿಗೆ ಅಂಟಿಕೊಂಡುಬಿಡುತ್ತದೆ. ಚಾರಣದ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಈ ಅಳುಕು ನನ್ನನ್ನು ಬಿಡಲಿಲ್ಲ.

ಕೈಯಲ್ಲಿ ಹಿಡಿಯುವ ಜಿಪಿಎಸ್‌ಗೆ ದುಡ್ಡು ಕೊಟ್ಟು ನಕ್ಷೆ ಹಾಕಿಸಬೇಕೋ, ಜನರೇ ನಡೆದು ಗುರುತಿಸಿದ ಬಿಟ್ಟಿ ನಕ್ಷೆ ಸಾಕೋ ನೋಡಿ ಬಾ ಎಂದು ಸಾಹೇಬರು ನನ್ನನ್ನು ಗುಡ್ಡಕ್ಕೆ ಕಳಿಸಿದರು. ಪರೀಕ್ಷೆಗೆಂದು ಹಾಕಿದ್ದ ದುಡ್ಡಿನ ನಕ್ಷೆಯಲ್ಲಿ ದಾರಿ ಹಳೆಯ ಕಲ್ಲು ಕ್ವಾರಿಯ ಅಂಚಿಗೇ ಮುಗಿದಿತ್ತು. ಬಿಟ್ಟಿ ನಕ್ಷೆಯಲ್ಲಿ ಅದು ಕ್ವಾರಿಯ ಮೇಲೆ ನೆಟ್ಟಗೆ ಹಾದು ಆಚೆ ಬದಿಗೆ ಹೋಗಿತ್ತು.

ಅಂಚಿನಲ್ಲಿ ನಿಂತೆ. ಕೆಳಗೆ ಆಳವಾದ ಹೊಂಡ, ದಾಟಲು ಸೇತುವೆಯೂ ಇರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲೂ ಕೈಯಲ್ಲಿದ್ದ ಯಂತ್ರ ತಣ್ಣಗೆ ಕೊರೆಯತೊಡಗಿತು. ಎದುರಿನ ಬರಿಗಾಳಿಯಲ್ಲಿ ಯಾರೋ ಜಲ್ಲಿಯ ಮೇಲೆ ನಡೆದುಹೋದ ಸದ್ದು. ಸ್ವಲ್ಪ ಹೊತ್ತಿಗೆ ಅದೇ ಸದ್ದು ಹಿಂತಿರುಗಿ ಬಂದು ನನ್ನ ಪಕ್ಕದಲ್ಲಿ ನಿಂತಿತು. ಬಂದ ದಾರಿಯಲ್ಲೇ ಓಡಿದೆ.

ಕಚೇರಿಯಲ್ಲಿ ಸಾಹೇಬರು ಜಿಪಿಎಸ್ ಗುರುತಿಸಿದ್ದ ನನ್ನ ನಡಿಗೆಯ ದಾಖಲೆಯನ್ನು ಕಂಪ್ಯೂಟರಿಗೆ ಹಾಕಿದರು. ಗೆರೆ ಅಂಚು ದಾಟಿ, ಆಚೆ ಬದಿ ಮುಟ್ಟಿ, ವಾಪಸು ಬಂದಿತ್ತು.

"ನೋಡಮ್ಮ, ನೀನೇ ದಾಟಿ ಬಂದಿದ್ದೀಯ. ಬಿಟ್ಟಿದೇ ಸಾಕು. ನಾಳೆ ನಸುಕಲ್ಲಿ ಚಾರಣಕ್ಕೆ ಹೊರಡೋ ಶಾಲೆ ಮಕ್ಕಳಿಗೂ ಇದನ್ನೇ ಕೊಡೋಣ."

"ನಮ್ಮ ಮೌನಗೌರಿ ಒಪ್ಪಿದಳು ಅಂತಲೇ ಲೆಕ್ಕ ಬಿಡಿ" ಎಂದು ಪಕ್ಕದ ಮೇಜಿನ ಅಕ್ಕ ನಕ್ಕಳು.

ಎಲ್ಲರೂ ನನ್ನತ್ತ ತಿರುಗಿದರು. ಈ ಸಲ ಹೇಳಿಬಿಟ್ಟೆ:

"ಸಾರ್, ನಾನು ಆ ಅಂಚಿನಿಂದ ಒಂದು ಹೆಜ್ಜೆಯನ್ನೂ ಮುಂದಿಟ್ಟಿಲ್ಲ."