ಕಂಚುಗಾರರ ಕೇರಿಯ ಉಲಿಬಟ್ಟಲು

ಬಹಳ ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಕೇಳಿಸುತ್ತಿದ್ದ ಕಾಲದಲ್ಲಿ, ಶಿಲಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಬೋಳುಗುಡ್ಡದ ಮೇಲೆ ಘರ್ಘರನೆಂಬ ಮಾಂತ್ರಿಕ ಬಂದು ಕೂತ. ದಿನವೂ ಹೊತ್ತು ಮುಳುಗುವಾಗ ಒಬ್ಬರ ಹೆಸರು ಹಿಡಿದು ಮೂರು ಸಲ ಕೂಗುತ್ತಿದ್ದ. ಮೂರನೆಯ ಕೂಗು ಅಡಗುವುದರೊಳಗೆ ಆ ಮನುಷ್ಯ 'ಓ' ಎನ್ನಬೇಕು. ಎನ್ನದಿದ್ದರೆ ಕೂತಲ್ಲೇ ಕಂಚಿನ ಬೊಂಬೆ. ಪಕ್ಕದವರು ಮುಟ್ಟಿ ಎಚ್ಚರಿಸಿದರೆ, ಸನ್ನೆ ಮಾಡಿದರೆ, ಅವರೂ ಕಂಚು. ಓಗೊಡದೆ ಹೋದ ಒಂದೊಂದು ಹೆಸರೂ ಘರ್ಘರನ ಗಂಟಲು ಸೇರಿ ಅವನ ಬಲ ಹೆಚ್ಚಿಸುತ್ತಿತ್ತು.

ರಾಜ ಕೈಕಟ್ಟಿ ಕೂರಲಿಲ್ಲ. ಅವನ ಯಂತ್ರಶಾಲೆಯ ಹಿರಿಯ ಚಿತ್ರಸೇನ ಏಳು ಕಡಲಿನಾಚೆಯ ಮಾಯಾಶಂಖಗಳನ್ನು ತರಿಸಿ, ಮರದ ಪೆಟ್ಟಿಗೆಗಳಲ್ಲಿ ಕೂರಿಸಿ, ಮನೆಮನೆಗೆ ಹಂಚಿದ. ಗುಡ್ಡದ ಮೇಲಿನ ಕೂಗು ಆ ಉಲಿಪೆಟ್ಟಿಗೆಯಿಂದ ಪಕ್ಕದಲ್ಲೇ ನಿಂತು ಕರೆದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ವರ್ತಕರ ಕೇರಿ ಉಳಿಯಿತು, ನೇಕಾರರ ಕೇರಿ ಉಳಿಯಿತು. ಕಂಚುಗಾರರ ಕೇರಿ ಮಾತ್ರ ಉಳಿಯಲಿಲ್ಲ. ಹಗಲೆಲ್ಲ ಸುತ್ತಿಗೆಯ ಸದ್ದಿನಲ್ಲೇ ಬದುಕುವ ಅಲ್ಲಿಯವರಿಗೆ ನಲವತ್ತು ದಾಟುವುದರೊಳಗೆ ಕಿವಿ ಹೋಗಿಬಿಡುತ್ತಿತ್ತು. ಕಿವುಡರ ಮುಂದೆ ಶಂಖ ಊದಿದ ಹಾಗೆ ಅಂತೀವಲ್ಲ, ರಾಜ ನಿಜವಾಗಿಯೂ ಅದನ್ನೇ ಮಾಡಿದ್ದ!

ಆ ಕೇರಿಯಲ್ಲಿ ಬಮ್ಮೋಜನೆಂಬ ಕಂಚುಗಾರನಿದ್ದ. ಅವನ ಒಬ್ಬಳೇ ಮಗಳು ಮಾಚಲೆ. ಅವಳಿಗೆ ಐದು ವರ್ಷವಾಗಿದ್ದಾಗ ಅಪ್ಪನ ಕಿವಿ ಹೋಗಿತ್ತು. ಈಗ ಅವಳಿಗೆ ಇಪ್ಪತ್ತು. ಅಪ್ಪ ಮಗಳ ಮಾತೆಲ್ಲ ಕೈಸನ್ನೆಯಲ್ಲೇ. ಘರ್ಘರ ಸಾಲು ಹಿಡಿದು ಒಂದೊಂದೇ ಮನೆಯ ಹಿರಿಯರನ್ನು ಕೂಗುತ್ತ ಬರುತ್ತಿದ್ದ. ಇನ್ನೆರಡು ಮನೆ ದಾಟಿದರೆ ಅಪ್ಪನ ಸರದಿ.

ಮೊದಲ ದಿನ ಮಾಚಲೆ ಚಿತ್ರಸೇನನ ಬಳಿಗೆ ಓಡಿದಳು.

"ಕೇಳಿಸದವರಿಗೆ ಇನ್ನೂ ಜೋರಾಗಿ ಕೂಗಬೇಕು, ಅಷ್ಟೇ ತಾನೇ?" ಎಂದು ಅವನು ಒಂದು ಶಂಖವಿದ್ದ ಕಡೆ ನೂರು ಶಂಖ ಕೂರಿಸಿದ. ಸಂಜೆ ಅವತ್ತಿನ ಸರದಿಯ ಮಲ್ಲೋಜನ ಮನೆಯಲ್ಲಿ ಆ ಪೆಟ್ಟಿಗೆ ಕೂಗಿದಾಗ ಹೆಂಚುಗಳು ಹಾರಿದವು, ದನಗಳು ಹಗ್ಗ ಹರಿದುಕೊಂಡವು. ಮಲ್ಲೋಜ ಮಾತ್ರ ಎಲೆಯಡಿಕೆ ಮೆಲ್ಲುತ್ತಲೇ ಕೂತಿದ್ದ. ಹಾಗೆ ಮೆಲ್ಲುತ್ತಲೇ ಕಂಚಾದ.

ಎರಡನೆಯ ದಿನ ಚಿತ್ರಸೇನ ಹೇಳಿದ, "ಕಿವಿ ಇಲ್ಲದಿದ್ದರೇನು, ಕಣ್ಣಿದೆಯಲ್ಲ!" ದನಿ ಬಿದ್ದೊಡನೆ ಭಗ್ಗನೆ ಉರಿಯುವ ಮಾಯಾದೀಪವನ್ನು ಮುಂದಿನ ಮನೆಯ ಚಂದವ್ವೆಯ ಮುಂದಿಟ್ಟ. ದೀಪಕ್ಕೆ ಯಾವ ದನಿಯಾದರೇನು? ನಾಯಿ ಬೊಗಳಿದರೆ ಉರಿಯಿತು, ಬಿಂದಿಗೆ ಬಿದ್ದರೆ ಉರಿಯಿತು. ಪಾಪದ ಮುದುಕಿ ಪ್ರತಿ ಸಲವೂ 'ಓ' ಎಂದಳು. ಕೊನೆಗೆ ನಿಜವಾದ ಕೂಗು ಬಂದಾಗ, "ಹಾಳಾದ್ದು ಮತ್ತೆ ಆ ನಾಯಿ" ಎಂದು ಸುಮ್ಮನಾದಳು. ಅವಳೂ ಕಂಚಾದಳು.

ಮೂರನೆಯ ಬೆಳಿಗ್ಗೆ ಮಾಚಲೆ ಎಲ್ಲಿಗೂ ಓಡಲಿಲ್ಲ. ಇದೇ ಕೊನೆಯ ದಿನವಾದರೆ ಅಪ್ಪನ ಮುಖವನ್ನಾದರೂ ನೋಡಿಕೊಂಡಿರುತ್ತೇನೆ ಎಂದು ಅವನ ಮುಂದೆ ಕೂತಳು. ಬಮ್ಮೋಜ ಹೊಸದೊಂದು ಬಟ್ಟಲು ಬಡಿದು ಮುಗಿಸಿದ. ಅದರ ಅಂಚನ್ನು ಗದ್ದಕ್ಕೆ ಒತ್ತಿ ಹಿಡಿದು, ಬೆರಳಿನಿಂದ ಒಮ್ಮೆ ಮೀಟಿ, ತಲೆಯಾಡಿಸಿ ಪಕ್ಕಕ್ಕಿಟ್ಟ. ಆ ಕೇರಿಯವರೆಲ್ಲ ಹಾಗೆಯೇ. ಪಾತ್ರೆಯಲ್ಲಿ ಬಿರುಕಿದೆಯೋ ಇಲ್ಲವೋ ಎಂದು ಗದ್ದದಿಂದಲೇ ಪರೀಕ್ಷೆ ಮಾಡುತ್ತಾರೆ. ಮಾಚಲೆ ಇದನ್ನು ಸಾವಿರ ಸಲ ಕಂಡಿದ್ದಳು. ಆದರೆ ಅವತ್ತು ನೋಡಿದಳು.

"ಅಯ್ಯೋ, ಅಪ್ಪನಿಗೆ ಕೇಳಿಸುತ್ತದೆ!" ಎಂದು ಎದ್ದಳು. "ಮೂಳೆಗೆ ಕೇಳಿಸುತ್ತದೆ!"

ಪೆಟ್ಟಿಗೆ ಒಡೆದು ಶಂಖ ತೆಗೆದಳು. ಅದನ್ನು ಬಟ್ಟಲಿನ ತಳಕ್ಕೆ ಬೆಸೆದಳು. ಕೂತವರ ಗದ್ದಕ್ಕೆ ಅಂಚು ತಾಗುವ ಹಾಗೆ ಮೂರು ಕಾಲಿನ ಪೀಠ ಮಾಡಿದಳು. ಹೊತ್ತು ಮುಳುಗುವ ಮುಂಚೆ ಅಪ್ಪನನ್ನು ಅದರ ಮುಂದೆ ಕೂರಿಸಿ, ತನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ನಿಂತಳು.

"ಬಮ್ಮೋಜಾ!"

ಬಮ್ಮೋಜ ಬೆಚ್ಚಿದ. ಕಣ್ಣರಳಿಸಿದ. ಹದಿನೈದು ವರ್ಷದ ಮೇಲೆ ಒಂದು ದನಿ! ಅವನ ಮುಖವೆಲ್ಲ ನಗೆಯಾಯಿತು. ಆದರೆ 'ಓ' ಎನ್ನಲಿಲ್ಲ.

"ಬಮ್ಮೋಜಾ!"

ಅವನ ಕಣ್ಣಿಂದ ನೀರು ಇಳಿಯಿತು. ಇನ್ನಷ್ಟು ಕೇಳಬೇಕೆಂದು ಗದ್ದವನ್ನು ಒತ್ತಿ ಹಿಡಿದ. ಹಸಿದವನು ಅನ್ನ ಕೊಟ್ಟವರ ಮುಖ ನೋಡುತ್ತಾನೆಯೇ? ದನಿಯ ಸುಖದಲ್ಲಿ ಉತ್ತರ ಕೊಡುವುದನ್ನೇ ಮರೆತ.

"ಬಮ್ಮೋ..."

ಮೂರನೆಯ ಕೂಗು ಎದ್ದಿತು. ಬಮ್ಮೋಜನ ಪಾದ ಕಂಚಾಯಿತು, ಮೊಣಕಾಲು ಕಂಚಾಯಿತು. ಮುಟ್ಟುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಆದರೆ ಕೂಗಬಾರದೆಂದು ಘರ್ಘರ ಹೇಳಿರಲಿಲ್ಲ. ಕಿವುಡರನ್ನು ಕೂಗುವವರು ಯಾರೆಂದು ಅವನ ಎಣಿಕೆ. ಮಾಚಲೆ ಓಡಿಬಂದು ಬಟ್ಟಲಿನೊಳಕ್ಕೆ ಬಾಗಿದಳು.

"ಅಪ್ಪಾ!"

"ಓ, ಮಗಳೇ!" ಎಂದ ಬಮ್ಮೋಜ.

ಉತ್ತರ ಹೋದದ್ದು ಮಗಳಿಗೆ. ಆದರೂ ಓ ಎಂದರೆ ಓ. ಕಾಲಿನ ಕಂಚು ಸಿಪ್ಪೆಯ ಹಾಗೆ ಕಳಚಿ ಬಿತ್ತು, ಗುಡ್ಡದ ಮೇಲೆ ಘರ್ಘರ ಕೆಮ್ಮಿದ.

ಆ ಕೆಮ್ಮು ಕೇಳಿ ಮಾಚಲೆಗೆ ಇನ್ನೊಂದು ಹೊಳೆಯಿತು. ಮೂಳೆಗೆ ಕೇಳಿಸುವುದಾದರೆ ಕಂಚಿಗೆ ಕೇಳಿಸದೇ? ಬಟ್ಟಲನ್ನು ಹೊತ್ತುಕೊಂಡು ಹೋಗಿ ಚಂದವ್ವೆಯ ಕಂಚಿನ ಗದ್ದಕ್ಕೆ ಆನಿಸಿದಳು. ಅವಳ ಮೊಮ್ಮಗಳು "ಅಜ್ಜೀ" ಎಂದಳು. ಬೊಂಬೆಯೊಳಗಿಂದ "ಓ" ಬಂತು, ಅವಳ ಕಂಚೂ ಕಳಚಿ ಬಿತ್ತು. ಮಲ್ಲೋಜನನ್ನು ಹೆಂಡತಿ ಕರೆದಳು, ಅವನೂ ಓಗೊಟ್ಟ. ಮನೆಯಿಂದ ಮನೆಗೆ ಬಟ್ಟಲು ಹೋಯಿತು. ಹೆಸರುಗಳೆಲ್ಲ ತಮ್ಮವರ ಬಳಿಗೆ ಮರಳಿದ ಹಾಗೆ ಘರ್ಘರನ ಗಂಟಲು ಬರಿದಾಯಿತು. ಕೊನೆಯ ಹೆಸರು ಕೈಬಿಟ್ಟಾಗ ಅವನು ಬಾಯಿ ತೆರೆದ, ದನಿಯಿಲ್ಲ. ಗಾಳಿ ಬೀಸಿತು, ಗುಡ್ಡದ ಮೇಲೆ ಯಾರೂ ಇರಲಿಲ್ಲ.

ರಾಜ ಕೇರಿಯ ಮನೆಮನೆಗೂ ಉಲಿಬಟ್ಟಲು ಮಾಡಿಸಿಕೊಟ್ಟ. ಚಿತ್ರಸೇನ ಮಾಚಲೆಗೆ ಕೈಮುಗಿದು, "ನಾನು ಪೆಟ್ಟಿಗೆಯನ್ನು ನೋಡಿದೆ, ತಾಯಿ. ನೀನು ಮನುಷ್ಯನನ್ನು ನೋಡಿದೆ" ಎಂದ. ಎಲ್ಲರೂ ಸುಖವಾಗಿ ಬಾಳಿದರು.

ಘರ್ಘರ ಇಲ್ಲವಾದ ಆ ರಾತ್ರಿ ಮಾತ್ರ ಬಮ್ಮೋಜ ಊಟಕ್ಕೂ ಏಳಲಿಲ್ಲ. ಐದು ವರ್ಷದ ಕೂಸಿನ ದನಿಯೊಂದೇ ಅವನ ನೆನಪಿನಲ್ಲಿತ್ತು. ಬಟ್ಟಲಿಗೆ ಗದ್ದ ಊರಿ, ಕಣ್ಣು ಮುಚ್ಚಿ, "ಇಷ್ಟು ದೊಡ್ಡವಳಾದೆಯಾ?" ಎಂದ. "ಇನ್ನೊಂದು ಸಲ ಕರಿ, ಮಗಳೇ."